ಎರಡೇ ಸೀಟಿನ ಕಾರು

ಮುಳ್ಳೇರಿಯ,
19 ನವೆಂಬರ್ 2024, ಮಂಗಳವಾರ

ಕಮಲಾ,

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ಮೊದಲನೆಯದು ಸುಳ್ಳು. ಎರಡನೆಯದೂ ಸುಳ್ಳೆಂದು ನಿನ್ನೆ ನಿನ್ನ ಅಣ್ಣನ ಫೋನಿನಿಂದ ಗೊತ್ತಾಯಿತು.

ವಾಸಪ್ಪ ಭಾವ ಅಷ್ಟು ಸಿಟ್ಟಿನಲ್ಲಿ ಮಾತಾಡಿದ್ದನ್ನು ನಾನು ಈ ಮೂವತ್ತೈದು ವರ್ಷಗಳಲ್ಲಿ ಕೇಳಿಲ್ಲ. ಶನಿವಾರ ಬೆಳಿಗ್ಗೆ ನೀನು ಬಾವಿಯ ಹತ್ತಿರ ತಲೆ ತಿರುಗಿ ಬಿದ್ದೆಯಂತೆ. ಒಂದು ಗೇಣು ಆಚೆ ಬಿದ್ದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತಂತೆ. "ಶುಗರ್ ಇರುವವಳು ಒಂದೇ ಹೊತ್ತು ಉಂಡು ಎಷ್ಟು ದಿನ ಅಂತ ಇರುದು ಭಾವ? ನಾವು ಹೇಳಿದ್ರೆ ಕೇಳುದಿಲ್ಲ. ನೀವಾದ್ರೂ ಹೇಳಿ" ಎಂದರು. ನಮ್ಮ ಕಾರು ತಾಗಿ ಬಿದ್ದ ಜಲಜಾಕ್ಷಿ ಕೋಲು ಬಿಟ್ಟು ನಡೆಯುವವರೆಗೆ ಒಪ್ಪತ್ತು ಎಂದು ನೀನು ನಿಮ್ಮ ತರವಾಡು ಮನೆಯ ದೈವದ ಎದುರು ಹೇಳಿಕೊಂಡದ್ದು, ತಪ್ಪುಕಾಣಿಕೆ ಹಾಕಿದ್ದು, ಎಲ್ಲ ನನಗೆ ತಿಳಿದದ್ದು ಆಗಲೇ. ಕಾರಿನ ಮೇಲಿನ ಸಿಟ್ಟಿಗೆ ತವರಿಗೆ ಹೋಗಿದ್ದೀಯ, ಸಿಟ್ಟು ಇಳಿದ ಮೇಲೆ ಬರುತ್ತೀಯ ಎಂದು ನಾನು ಒಂದೂವರೆ ತಿಂಗಳು ಸುಮ್ಮನಿದ್ದೆ.

ಜಲಜಾಕ್ಷಿಯ ಸುದ್ದಿಯನ್ನು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು. ಸೊಂಟದ ಮೂಳೆ ಕೂಡಿದೆ. ಆದರೆ ಕೋಲು ಬಿಡುವುದು ಕಷ್ಟ, ಬಹುಶಃ ಕೊನೆಯವರೆಗೂ ಬೇಕಾದೀತು ಎಂದು ಡಾಕ್ಟರು ಹೇಳಿದ್ದಾರಂತೆ. ಹಾಗಾದರೆ ನಿನ್ನ ಒಪ್ಪತ್ತು ಮುಗಿಯುವುದು ಯಾವಾಗ ಎಂದು ಲೆಕ್ಕ ಹಾಕಿದೆ. ನಿನ್ನೆ ಮಧ್ಯಾಹ್ನದಿಂದ ಬೇರೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಈ ಒಪ್ಪತ್ತು ನೀನು ಬಿಡಬೇಕು. ಯಾಕೆ ಬಿಡಬಹುದು ಎಂಬುದನ್ನು ಹೇಳುವುದಕ್ಕೇ ಈ ಪತ್ರ. ಫೋನು ನೀನು ತೆಗೆಯುವುದಿಲ್ಲ. ತೆಗೆದರೂ ಇದು ನನ್ನ ಬಾಯಿಂದ ಬರುವ ಮಾತಲ್ಲ.

ಮೊದಲು ಕಾರಿನ ಸುದ್ದಿ ಹೇಳುತ್ತೇನೆ. ಬೈದುಕೋ, ತೊಂದರೆಯಿಲ್ಲ. ಆ ವಿಷಯವಾದರೆ ನನ್ನ ಪೆನ್ನು ಸಲೀಸಾಗಿ ಓಡುತ್ತದೆ.

ನೀನು ಹೋದ ಮೇಲೆ ಇಲಿ ಬಂದು ಇಂಜಿನ್ನಿನ ಎರಡು ವಯರು ಕಡಿದು ಹಾಕಿದೆ. ಹರಿನಾಥ ಬಂದು ಜೋಡಿಸಿಕೊಟ್ಟ. ಅವನ ವರ್ಕ್‌ಶಾಪಿಗೆ ಬರುವುದೆಲ್ಲ ಆಟೋ, ಪಿಕಪ್ಪು. ಈ ಕಾರಿನ ಬಾನೆಟ್ ತೆರೆದಾಗಲೆಲ್ಲ ಅವನು ಒಂದು ನಿಮಿಷ ಕೈಕಟ್ಟಿ ನಿಲ್ಲುತ್ತಾನೆ. "ಮಹಾಬಲಣ್ಣ, ಇದರಲ್ಲಿ ಕೈ ಹಾಕ್ಲಿಕ್ಕೆ ಜಾಗ ಎಲ್ಲಿ ಉಂಟು ಮಾರಾಯ್ರೆ?" ಎಂದು ಪ್ರತಿ ಸಲವೂ ಕೇಳುತ್ತಾನೆ. ಹಿಂದಿನ ಟಯರು ಸವೆದಿವೆ. ಮುಂದಿನದು ಹಿಂದಕ್ಕೆ ಹಾಕೋಣವೆಂದರೆ ಎರಡರ ಅಳತೆಯೇ ಬೇರೆ. ಹದಿನಾಲ್ಕು ವರ್ಷದ ಕಾರಿನ ಟಯರು ಮಂಗಳೂರಿನಲ್ಲೂ ಸಿಗದೆ ಬೆಂಗಳೂರಿನಿಂದ ಪಾರ್ಸೆಲ್ ಬರಬೇಕು. ತಲೆಯ ಮೇಲಿನ ಮಡಚುವ ಬಟ್ಟೆಮಾಡಿನ ಬದಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆಯಲ್ಲ, ಅವು ಗೇರೆಲೆಯ ಚೂರು ಕಟ್ಟಿಕೊಂಡು ನೀನು ಕೂರುವ ಸೀಟಿನ ಕೆಳಗೆ ನೀರು ನಿಂತಿತ್ತು. ನೀನಿದ್ದಾಗ ವಾರಕ್ಕೊಮ್ಮೆ ನೀನೇ ತೆಂಗಿನಕಡ್ಡಿ ಹಾಕಿ ಬಿಡಿಸುತ್ತಿದ್ದೆ. ನಾನು ಕಡ್ಡಿ ಹಿಡಿದರೆ ತೂತು ಸಿಗುವುದಿಲ್ಲ. ಆದರೆ ಹರಿದ ಮಾಡನ್ನು ನೀನು ಕೊಡೆ ರಿಪೇರಿಯ ಸೂಜಿಯಲ್ಲಿ ಹೊಲಿದದ್ದು ಇಡೀ ಮಳೆಗಾಲ ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಹೊಸದುರ್ಗದ ಆ ಗಲ್ಫಿನವರು ಕಾರು ಕೊಡುವಾಗ ಇದಕ್ಕೆ ಹೊಸ ಮಾಡೇ ಬೇಕು ಎಂದಿದ್ದರು.

ಅದನ್ನು ಮನೆಗೆ ತಂದ ದಿನ ನೆನಪಾಗುತ್ತದೆ. ಮೂವತ್ತೊಂದು ವರ್ಷ ಕಾಸರಗೋಡು–ಸುಳ್ಯ ಬಸ್ಸು ಓಡಿಸಿದವನು ಕೆಂಪು ಬಣ್ಣದ, ಮೊಣಕಾಲೆತ್ತರದ ಗಾಡಿಯಿಂದ ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದುಕೊಂಡು ಏಳುವುದನ್ನು ನೀನು ಜಗಲಿಯಲ್ಲಿ ನಿಂತು ನೋಡಿದೆ. "ಇದು ಕೂರುವ ಗಾಡಿಯಾ, ಮಲಗುವ ಗಾಡಿಯಾ?" ಎಂದು ಕೇಳಿದೆ. ಆಮೇಲೆ, "ಎರಡೇ ಸೀಟು. ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸುದು?" ಎಂದೆ. ಬೈದೆ, ಒಂದು ವಾರ ಮುಖ ಊದಿಸಿಕೊಂಡೆ. ಕಡೆಗೆ ಗೇಟಿನ ಮೋರಿಗೆ ಅಡಿ ತಾಗದಂತೆ ಹಲಗೆ ಇಡುವವಳೂ ನೀನೇ ಆದೆ. ಆ ಕಾರಿನಲ್ಲಿ ನಾವು ಅನಂತಪುರದ ಕೆರೆಯ ದೇವಸ್ಥಾನಕ್ಕೆ ಹೋದೆವು, ನಿನ್ನ ತವರು ಬಾಯಾರಿಗೆ ಹೋದೆವು, ರೇಷನ್ ಅಕ್ಕಿಗೂ ಹೋದೆವು. ಅಕ್ಕಿಯ ಚೀಲ ತೊಡೆಯ ಮೇಲಿಟ್ಟುಕೊಂಡು ನೀನು ನಗುತ್ತಿದ್ದ ಹಾಗೆ ಮದುವೆಯಾದ ಹೊಸತರಲ್ಲೂ ನಕ್ಕಿರಲಿಲ್ಲ.

ಇನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ರೇಷನ್ ಅಂಗಡಿಯ ಹತ್ತಿರ ಬಂದೆ.

ಅಕ್ಟೋಬರ್ ಐದು, ಶನಿವಾರ. ಅಂಗಡಿಯ ಎದುರು ತಿರುಗಿಸಲು ಜಾಗವಿರಲಿಲ್ಲ. ಹಿಂದಕ್ಕೇ ತೆಗೆಯಬೇಕಿತ್ತು. ಆ ಕಾರಿನ ಹಿಂದಿನ ಕಿಟಕಿಯಲ್ಲಿ ಏನೂ ಕಾಣದೆಂದು ನಾನು ನಿನಗೆ ಕಂಡಕ್ಟರನ ಕೆಲಸ ಕಲಿಸಿದ್ದೆ. ಹಿಂದೆ ಎಡಬದಿಯಲ್ಲಿ ನಿಲ್ಲಬೇಕು. ಕಾರಿಗೆ ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೋಗು. ಬಸ್ಸಿನ ಬೆಲ್ಲಿನ ಲೆಕ್ಕವೇ. ನೀನು ಇಳಿದು ನಿಂತೆ. ಬಲಬದಿಯಿಂದ ಜಲಜಾಕ್ಷಿ ಲಾಟರಿ ಟಿಕೆಟಿನ ಬೋರ್ಡು ಹಿಡಿದುಕೊಂಡು ದಾಟಿದಳು. ನೀನು ಪಟಪಟನೆ ಬಡಿದೆ. ಕಾರು ಹಿಂದಕ್ಕೆ ಹಾರಿತು. ಅವಳು ಬಿದ್ದಳು.

ಜನ ಸೇರಿದರು. ಸೇರಿದವರಲ್ಲಿ ಅರ್ಧ ನಮ್ಮವರೇ, ಬಸ್ಸಿನವರು, ಆಟೋದವರು. ಅವಳನ್ನು ಆಟೋದಲ್ಲಿ ಮಲಗಿಸಿ ಕಳಿಸಿದ ಮೇಲೆ ಯಾರೋ ಕೇಳಿದರು, "ಎಂತ ಆದದ್ದು ಮಹಾಬಲಣ್ಣ?" ಎಂದು. "ಇವಳು ಡಬಲ್ ಬೆಲ್ ಕೊಟ್ಟಳು" ಎಂದೆ. ಅಷ್ಟೇ. ಮುಳ್ಳೇರಿಯದ ಸ್ಟ್ಯಾಂಡಿನಲ್ಲಿ ಆ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಡಬಲ್ ಬೆಲ್ ಬಿದ್ದರೆ ಡ್ರೈವರ್ ಹೊರಡುತ್ತಾನೆ, ತಪ್ಪು ಬೆಲ್ ಕೊಟ್ಟವರದ್ದು. ಎಲ್ಲರೂ ತಲೆಯಾಡಿಸಿದರು. "ಪಾಪ, ಹೆಂಗಸು, ಹೆದರಿರಬೇಕು" ಎಂದರು. ನೀನು ನಿನ್ನ ಅಂಗೈಯನ್ನು ನೋಡಿಕೊಂಡೆ. ಎಷ್ಟು ಸಲ ಬಡಿದೆನೆಂದು ನಿನಗೇ ನೆನಪಿರಲಿಲ್ಲ. ನಿನಗೆ ನೆನಪಿಲ್ಲವೆಂದು ನನಗೆ ಆಗಲೇ ತಿಳಿಯಿತು. ಪೊಲೀಸ್ ಸ್ಟೇಷನ್ನಿನಲ್ಲೂ ನಾನು ಅದನ್ನೇ ಬರೆದುಕೊಟ್ಟೆ.

ಈಗ ಕೇಳು. ನಿಧಾನವಾಗಿ ಓದು, ಬೇಕಾದರೆ ಎರಡು ಸಲ ಓದು. ನಿನ್ನ ಕೈ ಕಾರಿಗೆ ಬೀಳುವ ಮೊದಲೇ ನಾನು ಕ್ಲಚ್ ಬಿಟ್ಟಾಗಿತ್ತು. ನಾನು ನಿನ್ನ ಬೆಲ್ಲಿಗೆ ಕಾಯಲೇ ಇಲ್ಲ. ಬಲಗಡೆಯ ಕನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿದೆ, ಯಾರೂ ಇಲ್ಲ ಅನ್ನಿಸಿತು, ಬಿಟ್ಟೆ. ನೀನು ಬಡಿಯುವಾಗ ಚಕ್ರ ಆಗಲೇ ತಿರುಗುತ್ತಿತ್ತು. ನೀನು ಒಂದು ತಟ್ಟಿದ್ದರೂ, ಹತ್ತು ತಟ್ಟಿದ್ದರೂ, ಕೈಕಟ್ಟಿ ನಿಂತಿದ್ದರೂ ಜಲಜಾಕ್ಷಿ ಬೀಳುತ್ತಿದ್ದಳು. ಸತ್ಯ ಹೇಳಬೇಕೆಂದರೆ ನೀನು ಬಡಿದದ್ದರಿಂದಲೇ ನನ್ನ ಕಾಲು ಬ್ರೇಕಿಗೆ ಹೋಯಿತು. ಇಲ್ಲದಿದ್ದರೆ ಚಕ್ರ ಅವಳ ಮೇಲೆ ಹತ್ತುತ್ತಿತ್ತು. ಡಬಲ್ ಬೆಲ್ ಎಂಬುದನ್ನು ನಾನು ನಿಂತ ನಿಲುವಿನಲ್ಲೇ ಕಟ್ಟಿ ಹೇಳಿದೆ.

ಮೂವತ್ತೊಂದು ವರ್ಷ ಒಂದು ಕೋಳಿಯನ್ನೂ ಕೊಂದವನಲ್ಲ ಎಂದು ಸ್ಟ್ಯಾಂಡಿನಲ್ಲಿ ನನ್ನ ಹೆಸರಿತ್ತು. ಆ ಹೆಸರನ್ನು ಉಳಿಸಿಕೊಳ್ಳಲು ನಿನ್ನನ್ನು ಮುಂದೆ ನಿಲ್ಲಿಸಿದೆ. ನನಗೆ ನಾಚಿಕೆಯಾಗುತ್ತದೆ ಕಮಲಾ. ನೀನು ಹಸಿದುಕೊಂಡಿದ್ದ ಹೊತ್ತಿಗೆಲ್ಲ ನಾನು ಇಲ್ಲಿ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡೆ, ನೀನು ಭರಣಿಯಲ್ಲಿಟ್ಟು ಹೋದದ್ದನ್ನೇ.

ಕನ್ನಡಿಯಲ್ಲಿ ಅವಳು ಯಾಕೆ ಕಾಣಲಿಲ್ಲವೆಂದು ನೀನು ಕೇಳುತ್ತೀಯ. ನನ್ನ ಕಣ್ಣು ಹೋಗುತ್ತಿದೆ. ಕಳೆದ ತಿಂಗಳು ಮಂಗಳೂರಿಗೆ ಹೋಗಿ ತೋರಿಸಿದೆ. ಗ್ಲಾಕೋಮಾ ಎಂದರು. ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತದೆ, ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ ನೋಡು. ಎರಡು ಬದಿಯದ್ದು ಹೋಗಿದೆ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ದಿನಾ ಮದ್ದಿನ ಹನಿ. ಕಾರಿನ ಕನ್ನಡಿಗಳಿಗೆ ನಾನು ಸಣ್ಣ ಗುಂಡು ಕನ್ನಡಿ ಅಂಟಿಸಿದಾಗ ನೀನು "ಕಾರಿಗೆ ಓಲೆ ಹಾಕಿದ್ರಾ?" ಎಂದು ನಕ್ಕಿದ್ದೆ. ಅದು ಚಂದಕ್ಕೆ ಅಂಟಿಸಿದ್ದಲ್ಲ. ರಸ್ತೆಯನ್ನು ನೋಡಿ ಓಡಿಸುವುದನ್ನು ಬಿಟ್ಟು ನೆನಪಿನಿಂದ ಓಡಿಸುತ್ತಿದ್ದೆ. ಮುಳ್ಳೇರಿಯದ ಪ್ರತಿ ತಿರುವೂ ನನ್ನ ಕಾಲಿಗೆ ಗೊತ್ತು. ಜಲಜಾಕ್ಷಿ ಎಲ್ಲಿಂದ ದಾಟುತ್ತಾಳೆಂದು ಕಾಲಿಗೆ ಹೇಗೆ ಗೊತ್ತಾಗಬೇಕು?

ಇವತ್ತು ಬೆಳಿಗ್ಗೆ ಹರಿನಾಥನನ್ನು ಕರೆಸಿ ಕಾರಿನ ಬ್ಯಾಟರಿ ಬಿಚ್ಚಿಸಿದೆ. ನಾನು ಬಂದು ಕೇಳಿದರೂ ಕೊಡಬೇಡ ಎಂದು ಹೇಳಿ ಅವನ ವರ್ಕ್‌ಶಾಪಿಗೇ ಕಳಿಸಿದೆ. ಯಾಕೆಂದು ಕೇಳಿದ. ಹೇಳಿದೆ. ಅವನು ಬ್ಯಾಟರಿಯನ್ನು ಎತ್ತಿಕೊಂಡ. ಆಮೇಲೆ "ಕಮಲಕ್ಕನಿಗೆ ಗೊತ್ತುಂಟಾ?" ಎಂದು ಮಾತ್ರ ಕೇಳಿದ. ನಾಳೆ ಅವನ ಜೊತೆ ಸ್ಟೇಷನ್ನಿಗೆ ಹೋಗಿ, ಮೊದಲು ಬರೆದುಕೊಟ್ಟದ್ದು ಸುಳ್ಳೆಂದು ಬರೆದುಕೊಡುತ್ತೇನೆ. ಅಲ್ಲಿಂದ ಜಲಜಾಕ್ಷಿಯ ಮನೆಗೆ. ಅವಳು ಏನು ಹೇಳಿದರೂ ಕೇಳಿಕೊಳ್ಳುತ್ತೇನೆ. ಸ್ಟ್ಯಾಂಡಿನಲ್ಲಿ ಹೇಳುವುದೇ ಎಲ್ಲಕ್ಕಿಂತ ಕಷ್ಟ, ಅದನ್ನೂ ಮಾಡುತ್ತೇನೆ. ಭಾನುವಾರ ಬಸ್ಸಿನಲ್ಲಿ ಬಾಯಾರಿಗೆ ಬರುತ್ತೇನೆ.

ನಿಮ್ಮ ದೈವದ ಎದುರು ನಿಂತು ಹೇಳಬೇಕಾದವನು ನಾನು. ನನ್ನ ತಪ್ಪಿಗೆ ನೀನು ಕಾಣಿಕೆ ಹಾಕಿದರೆ ಅದು ನನ್ನ ಹೆಸರಿಗೆ ಸೇರುವುದಿಲ್ಲ, ನಿನ್ನ ಹೆಸರಿಗೂ ಸೇರುವುದಿಲ್ಲ. ತಪ್ಪೇ ಮಾಡದವಳ ಹರಕೆ ದೈವಕ್ಕೂ ಬೇಡ. ಇದನ್ನು ಭಾವನಿಗೂ ಓದಲು ಕೊಡು, ಅವರೂ ಇದನ್ನೇ ಹೇಳುತ್ತಾರೆ. ಈ ಪತ್ರ ಕೈಗೆ ಬಂದ ದಿನ ರಾತ್ರಿ ಊಟ ಮಾಡು. ಚಪಾತಿಯಾದರೂ ಸರಿ, ಎರಡು ತಿನ್ನು. ನನ್ನ ಮುಖ ನೋಡುವುದು ಬೇಡವೆಂದಾದರೆ ಭಾನುವಾರ ಒಳಗೇ ಇರು. ನಾನು ಅಂಗಳದಿಂದಲೇ ಹಿಂದಿರುಗುತ್ತೇನೆ. ಊಟ ಮಾತ್ರ ಬಿಡಬೇಡ.

ನಿನ್ನ ಕ್ಷಮೆ ಕೇಳುವ ಧೈರ್ಯ ಇನ್ನೂ ಬಾರದ,
ಮಹಾಬಲ

ತಾಜಾಕಲಂ: ಪತ್ರ ಮಡಚಿ ಕವರಿಗೆ ಹಾಕಿದವನು ಮತ್ತೆ ತೆಗೆದೆ. ಕಣ್ಣಿನ ವಿಷಯದಲ್ಲಿ ಒಂದು ಸುಳ್ಳು ಹಾಗೇ ಉಳಿದಿದೆ. ಕಳೆದ ತಿಂಗಳು ಹೋದದ್ದು ಎರಡನೆಯ ಸಲ. ಮೊದಲನೆಯ ಸಲ ಹೋದದ್ದು ಹೋದ ವರ್ಷದ ಡಿಸೆಂಬರಿನಲ್ಲಿ, ನಿನಗೆ ಕ್ಷೇಮನಿಧಿಯ ಕೆಲಸವೆಂದು ಹೇಳಿ. ಇನ್ನು ಯಾವ ಗಾಡಿಯನ್ನೂ ಮುಟ್ಟಬೇಡಿ ಎಂದು ಡಾಕ್ಟರು ಅಂದೇ ಹೇಳಿದ್ದರು. ಅದಾದ ಹತ್ತು ದಿನಕ್ಕೆ ಹೊಸದುರ್ಗಕ್ಕೆ ಹೋಗಿ ಈ ಕಾರು ತಂದೆ. ಜೀವಮಾನವಿಡೀ ಬೆನ್ನ ಹಿಂದೆ ಐವತ್ತು ಜನರನ್ನು ಕೂರಿಸಿಕೊಂಡು ಓಡಿಸಿದೆ, ಕಣ್ಣು ಇರುವಷ್ಟು ದಿನ ನಿನ್ನೊಬ್ಬಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಬೇಕೆಂದು ಆಸೆಯಾಯಿತು. ನಿನ್ನ ಜೀವವನ್ನೂ ಪಣಕ್ಕಿಟ್ಟೆ ಎಂಬುದು ಆಗ ಹೊಳೆಯಲಿಲ್ಲ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನೀನು ಕೂರುತ್ತಿದ್ದದ್ದು ನನಗೆ ಕಾಣದ ಬದಿಯಲ್ಲಿ. ಆ ಒಂಬತ್ತು ತಿಂಗಳು ಕಾರಿನಲ್ಲಿ ನೀನು ನಗುವುದು ನನಗೆ ಕೇಳುತ್ತಿತ್ತು, ನಿನ್ನ ಮುಖ ಒಂದು ದಿನವೂ ಕಾಣಲಿಲ್ಲ.