ಗಾಜಿನ ಹಿಂದೆ ಇಪ್ಪತ್ತು ನಿಮಿಷ

ಲಾಂಡ್ರಿ ಮೇಲಿನ ಕೋಣೆ,
ಗುರುವಾರ, ನವೆಂಬರ್ ೧೪

ಪ್ರೀತಿಯ ಮೇಷ್ಟ್ರಿಗೆ,

ಹೇಗಿದ್ದೀರಿ? ಕೆಮ್ಮು ಬಿಟ್ಟಿತೇ? ಬಿ.ಪಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೀರಿ ಎಂದು ಮಗಳು ಹೇಳುತ್ತಾಳೆ. ಅವಳು ಹುಟ್ಟಿದಾಗಿನಿಂದ ನಿಮ್ಮ ಪಾರ್ಟಿ, ಆದ್ದರಿಂದ ನಾನು ಅರ್ಧ ಮಾತ್ರ ನಂಬುತ್ತೇನೆ. ಅವಳ ಮನೆಯ ಆ ಚಿಕ್ಕ ಕೋಣೆಯಲ್ಲಿ ಮಂಚವನ್ನು ಕಿಟಕಿಯ ಕಡೆ ಸರಿಸಿಕೊಳ್ಳಿ ಎಂದಿದ್ದೆ, ಸರಿಸಿದಿರಾ? ಗಾಳಿ ಆಡದಿದ್ದರೆ ನಿಮ್ಮ ಕೆಮ್ಮು ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಮೊಮ್ಮಗಳು ನಿಮ್ಮ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತಾಳಂತೆ. ಮಾಡಲಿ, ಆದರೆ ಏಳುವಾಗ ಒಂದು ಕೈ ನೆಲಕ್ಕೆ ಊರಿ ಏಳಿ. ಇದನ್ನು ಹೆಂಡತಿಯ ಮಾತೆಂದು ತಳ್ಳಿಹಾಕಬೇಡಿ, ಮೂವತ್ತು ವರ್ಷ ಮೂಳೆ ವಾರ್ಡಿನಲ್ಲಿ ದುಡಿದ ನರ್ಸಿನ ಮಾತು.

ನಾನು ಈಗ ಆರನೆಯ ದೇಶದಲ್ಲಿದ್ದೇನೆ. ಒಂದು ಲಾಂಡ್ರಿಯ ಮೇಲಿನ ಕೋಣೆ. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಮೊಳೆ ಹೊಡೆದ ಕನ್ನಡಿ, ಮೂಲೆಯಲ್ಲಿ ಪುಟ್ಟ ಬಚ್ಚಲು. ಕೆಳಗೆ ಐದು ದೊಡ್ಡ ಯಂತ್ರಗಳು ಬೆಳಿಗ್ಗೆ ಏಳರಿಂದ ಗಡಗಡ ಎನ್ನುತ್ತವೆ, ಮಂಚದ ಕಾಲುಗಳೂ ಜೊತೆಗೆ ನಡುಗುತ್ತವೆ. ಎದುರಿಗೆ ಒಬ್ಬ ಟೈಲರಿನ ಅಂಗಡಿ. ಅವನು ದಿನವಿಡೀ ತಲೆ ಎತ್ತದೆ ಹೊಲಿಯುತ್ತಾನೆ, ಕಣ್ಣು ಹಾಳಾಗುತ್ತದೆ ಎಂದು ಹೇಳೋಣವೆಂದರೆ ನನಗೆ ಅವನ ಭಾಷೆ ಬಾರದು. ಫೋನ್ ಇರುವಾಗ ಇವಳು ಪತ್ರ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾವು ಏನು ಮಾತಾಡುತ್ತೇವೆ ಹೇಳಿ. "ಊಟ ಆಯ್ತಾ?" "ಆಯ್ತು." "ಅಲ್ಲಿ ಚಳಿನಾ?" "ಸ್ವಲ್ಪ." "ಸರಿ, ಇಡ್ತೀನಿ." ಐದು ತಿಂಗಳಿನಿಂದ ಇಷ್ಟೇ. ಪತ್ರವಾದರೆ ನಡುವೆ ನೀವು ಇಟ್ಟುಬಿಡುವ ಹಾಗಿಲ್ಲ, ಕೊನೆಯವರೆಗೂ ಓದಲೇಬೇಕು.

ನೀವು ವಾಪಸ್ ಹೋದ ಮೇಲೆ ಒಂಟಿಯಾಗಿ ತಿರುಗುವುದು ಹೇಗಿರುತ್ತದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಮಗಳಿಗೆ ಕಳಿಸಿದ ಫೋಟೋಗಳನ್ನು ನೋಡಿರುತ್ತೀರಿ. ಬೆಟ್ಟ, ಕಡಲು, ಸೇತುವೆ, ಮತ್ತೆ ಬೆಟ್ಟ. ಯಾವುದರಲ್ಲಿಯೂ ನಾನಿಲ್ಲ, ತೆಗೆಯುವವರು ಬೇಕಲ್ಲ. ಅಟ್ಲಾಸಿನಲ್ಲಿ ಏಷ್ಯಾದ ಎರಡು ಪುಟಗಳನ್ನು ಬಿಚ್ಚಿಟ್ಟುಕೊಂಡು ನಾವಿಬ್ಬರೂ ಇಪ್ಪತ್ತು ವರ್ಷ ಗೆರೆ ಎಳೆದೆವು; ಆಗ ಗಡಿಗಳ ಬಗ್ಗೆ ಮಾತಾಡಿದೆವು, ವೀಸಾ ಬಗ್ಗೆ, ಮಳೆಗಾಲದ ಬಗ್ಗೆ. ಬಸ್ ನಿಂತಾಗ ಪಾಯಿಖಾನೆಗೆ ಹೋಗಬೇಕಾದರೆ ಬ್ಯಾಗನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹನ್ನೊಂದು ಕಿಲೋ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡೇ ಒಳಗೆ ಹೋಗಬೇಕು ರೀ. ಬಾಗಿಲು ಹಾಕಿದರೆ ತಿರುಗಲು ಜಾಗವಿಲ್ಲ. ಮೊದಲ ಸಲ ಬ್ಯಾಗು ಒಳಗೆ, ನಾನು ಹೊರಗೆ ಸಿಕ್ಕಿಕೊಂಡು ನಗು ಬಂದಿತು. ಎರಡನೆಯ ಸಲ ಬರಲಿಲ್ಲ. ಚೆನ್ನಾದದ್ದೇನಾದರೂ ಕಂಡಾಗ ಈಗಲೂ ಬಲಗಡೆಗೆ ತಿರುಗಿ "ನೋಡ್ರಿ" ಎನ್ನುತ್ತೇನೆ. ಬಲಗಡೆ ಯಾರೋ ಇರುತ್ತಾರೆ, ಪಾಪ, ಅವರೂ ತಿರುಗಿ ನೋಡುತ್ತಾರೆ.

ಡಾರ್ಮಿಟರಿಗಳಲ್ಲಿ ಜೊತೆಗೆ ತಂಗುವ ಕಾಲೇಜು ವಯಸ್ಸಿನ ಮಕ್ಕಳು ಒಳ್ಳೆಯವರು, ನನ್ನ ಬ್ಯಾಗನ್ನು ಮೇಲಿನ ಕಪಾಟಿಗೆ ಎತ್ತಿಟ್ಟುಕೊಡುತ್ತಾರೆ, ಈ ವಯಸ್ಸಿನಲ್ಲಿ ಒಬ್ಬರೇ ಬಂದಿದ್ದೀರಲ್ಲ ಎಂದು ಹೊಗಳುತ್ತಾರೆ. ಹೊಗಳಿ ಅವರವರೇ ಊಟಕ್ಕೆ ಹೊರಡುತ್ತಾರೆ. ಕಳೆದ ತಿಂಗಳು ಒಂದು ದೂರದ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದಳು. ಯಾರೆಂದು ಗೊತ್ತಿಲ್ಲ, ತೊಡೆಯ ಮೇಲೆ ಈರುಳ್ಳಿಯ ಚೀಲ ಇಟ್ಟುಕೊಂಡಿದ್ದಳು. ತಲೆಗೂದಲಿಗೆ ಹೊಗೆಯ ವಾಸನೆ. ನಾನು ಇಳಿಯಬೇಕಾದ ಊರು ಬಂತು. ಎದ್ದರೆ ಅವಳಿಗೆ ಎಚ್ಚರವಾಗುತ್ತದೆ. ನಾನು ಏಳಲಿಲ್ಲ. ಊರು ಹಿಂದಕ್ಕೆ ಹೋಯಿತು, ಮುಂದಿನ ಊರೂ ಹೋಯಿತು. ಮೂರು ಗಂಟೆಗಳ ಕಾಲ ಆ ತಲೆಯನ್ನು ಹೊತ್ತು ಕೂತಿದ್ದೆ. ಹೆಗಲು ಮರಗಟ್ಟಿತ್ತು. ಅವಳು ಎದ್ದವಳು ಶಾಲನ್ನೂ ಸರಿಮಾಡಿಕೊಳ್ಳದೆ ಇಳಿದು ಹೋದಳು, ನನ್ನ ಮುಖವನ್ನೂ ನೋಡಲಿಲ್ಲ. ನಾನು ಆಮೇಲೆ ಇನ್ನೊಂದು ಬಸ್ ಹಿಡಿದು ವಾಪಸ್ ಬಂದೆ. ಇದನ್ನು ಮಗಳಿಗೆ ಹೇಳಿಲ್ಲ. ಹೇಳಿದರೆ ಮೊದಲ ವಿಮಾನಕ್ಕೆ ಹತ್ತಿಸಿಬಿಡುತ್ತಾಳೆ.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ. ಕಾಲು ಉಳುಕಿದೆ ಎಂದು ಅವಳಿಗೆ ಹೇಳಿದ್ದೇನೆ, ನಿಮಗೂ ಅದೇ ಮುಟ್ಟಿರುತ್ತದೆ. ಉಳುಕಿಲ್ಲ, ಮುರಿದಿದೆ. ಗಾಬರಿಯಾಗಬೇಡಿ, ಸರಿಯಾಗಿ ಕೂಡಿಸಿದ್ದಾರೆ, ಎಕ್ಸ್‌ರೇ ನಾನೇ ನೋಡಿದ್ದೇನೆ. ಹೋದ ವಾರದ ಹಿಂದಿನ ಮಂಗಳವಾರ ಬೆಳಿಗ್ಗೆ ಸ್ನಾನ ಮುಗಿಸಿ ತಿರುಗಿದೆ, ಕಾಲ ಕೆಳಗೆ ಸೋಪಿನ ನೀರು, ಅಷ್ಟೇ. ಬಿದ್ದಾಗ ಆದ ಸದ್ದಿನಲ್ಲೇ ಎಡ ಪಾದದ ಗಿಣ್ಣು ಹೋಯಿತೆಂದು ಗೊತ್ತಾಯಿತು. ಎಷ್ಟು ಜನರ ಕಾಲಿಗೆ ಪಟ್ಟಿ ಸುತ್ತಿದ್ದೇನೆ, ಆ ಸದ್ದನ್ನು ಮಾತ್ರ ಆವರೆಗೆ ಕೇಳಿರಲಿಲ್ಲ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ. ಖಾಲಿ ಕೋಣೆಯಲ್ಲಿ ಚಿಲಕ ಯಾಕೆ ಎಂದು ಕೇಳಬೇಡಿ, ಒಂಟಿ ಹೆಂಗಸಿಗೆ ಕೈ ತಾನಾಗಿಯೇ ಚಿಲಕಕ್ಕೆ ಹೋಗುತ್ತದೆ. ಅದು ಬಾಗಿಲ ಮೇಲ್ತುದಿಯಲ್ಲಿತ್ತು, ನಾನು ನೆಲದ ಮೇಲೆ. ಎರಡು ಸಲ ಏಳಲು ನೋಡಿದೆ, ಕಣ್ಣು ಕತ್ತಲೆ ಬಂದು ಬಿದ್ದೆ. ಬಟ್ಟೆಗಳೂ ಫೋನೂ ಹೊರಗಿನ ಕುರ್ಚಿಯ ಮೇಲಿದ್ದವು. ಮೈಮೇಲೆ ಒಂದು ಸಣ್ಣ ಟವೆಲ್, ಅದೂ ಒದ್ದೆ.

ಕೂಗಿದೆ. ಕೆಳಗೆ ಐದೂ ಯಂತ್ರಗಳು ಓಡುತ್ತಿದ್ದವು. ಮೊದಲು ಇಂಗ್ಲಿಷಿನಲ್ಲಿ ಕೂಗಿದೆ, ಮರ್ಯಾದೆಯಾಗಿ, ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್‌ನನ್ನು ಕರೆಯುವ ಹಾಗೆ. ಒಂದು ಗಂಟೆಯಲ್ಲಿ ಇಂಗ್ಲಿಷ್ ಮುಗಿದುಹೋಯಿತು. ಆಮೇಲೆ ಅಮ್ಮನನ್ನು ಕೂಗಿದೆ, ಅವಳು ಸತ್ತು ಹದಿನೆಂಟು ವರ್ಷವಾಗಿದೆ ಎಂಬುದೂ ನೆನಪಾಗಲಿಲ್ಲ. ಮಗಳನ್ನು ಕೂಗಿದೆ. ನಿಮ್ಮನ್ನಂತೂ ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, "ರೀ, ರೀ" ಎಂದು ಕೂಗುತ್ತಾ ಹೋದೆ. ಆ ಹೊತ್ತಿಗೆ ಯಾರಾದರೂ ಬರುತ್ತಾರೆಂಬ ಆಸೆಗೆ ಕೂಗುತ್ತಿರಲಿಲ್ಲ. ದನಿ ನಿಲ್ಲಿಸಿದರೆ ಬಚ್ಚಲು ಬಹಳ ಚಿಕ್ಕದಾಗುತ್ತಿತ್ತು. ಇಂದು ನಾನು ಕೆಳಗೆ ಬರಲಿಲ್ಲವೆಂದು ಗಮನಿಸುವವರು ಈ ಊರಿನಲ್ಲಿ ಯಾರಿದ್ದಾರೆ ಎಂದು ಎಣಿಸಿದೆ. ಒಬ್ಬರೂ ಸಿಗಲಿಲ್ಲ. ಮಗಳು ಫೋನ್ ಮಾಡುವುದು ಭಾನುವಾರ. ಅಂದು ಮಂಗಳವಾರ.

ಮಧ್ಯಾಹ್ನ ಒಂದಕ್ಕೆ ಊಟಕ್ಕೆಂದು ಯಂತ್ರಗಳು ನಿಂತವು. ಆ ನಿಶ್ಶಬ್ದದಲ್ಲಿ ನನ್ನ "ರೀ" ಕೆಳಗೆ ಕೇಳಿಸಿತು. ಲಾಂಡ್ರಿ ನಡೆಸುವವಳು ನನ್ನ ವಯಸ್ಸಿನವಳು, ಅಗಲ ಮುಖ, ಸುಟ್ಟ ಗಾಯಗಳ ಕೈ. ನನ್ನ ಮನಸ್ಸಿನಲ್ಲಿ ಅವಳ ಹೆಸರು ಇಸ್ತ್ರಿಯಮ್ಮ. ಅದುವರೆಗೆ ನಮ್ಮಿಬ್ಬರ ನಡುವೆ ತಲೆಯಾಡಿಸುವುದರ ಹೊರತು ಬೇರೆ ಮಾತಿರಲಿಲ್ಲ. ಮೇಲೆ ಬಂದು, ತನ್ನ ಬಳಿಯಿದ್ದ ಕೀಲಿಯಿಂದ ಕೋಣೆ ತೆರೆದು ಬಚ್ಚಲ ಬಾಗಿಲು ಬಡಿದಳು, ಅವಳ ಭಾಷೆಯಲ್ಲಿ ಏನೋ ಕೇಳಿದಳು. "ಬಿದ್ದಿದೀನಮ್ಮಾ, ಏಳಕ್ಕಾಗಲ್ಲ" ಎಂದೆ ಕನ್ನಡದಲ್ಲಿ. ಅವಳು ಓಡಿಹೋಗಿ ಕಬ್ಬಿಣದ ಸಲಾಕೆ ತಂದು ಚಿಲಕ ಕಿತ್ತಳು. ಬಾಗಿಲು ತೆರೆದಾಗ ಅವಳು ನನ್ನ ಕಡೆ ನೋಡಲಿಲ್ಲ ರೀ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೇ, ತೋಳಿನ ಮೇಲಿದ್ದ ಬಿಳಿ ಹಾಸನ್ನು ಬಿಡಿಸಿ ನನ್ನ ಮೇಲೆ ಹೊದಿಸಿದಳು. ಆಗ ತಾನೇ ಯಂತ್ರದಿಂದ ತೆಗೆದದ್ದು, ಬೆಚ್ಚಗಿತ್ತು. ಹೊದಿಸಿದ ಮೇಲೆಯೇ ತಿರುಗಿ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆರು ಗಂಟೆ ಕಾಲ ಅಳದವಳು ಆಗ ಅತ್ತೆ. ಅವಳು ತನ್ನ ಭಾಷೆಯಲ್ಲಿ ಬೈಯುತ್ತಿದ್ದಳು, ಬೈಗುಳ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದಲ್ಲ. ಟೈಲರು ಬಂದ, ಇಬ್ಬರೂ ಅದೇ ಹಾಸಿನಲ್ಲಿ ನನ್ನನ್ನು ಎತ್ತಿ ಕೆಳಗಿಳಿಸಿದರು. ಡಾಕ್ಟರು ಆರು ವಾರ ಪ್ಲಾಸ್ಟರ್ ಎಂದಿದ್ದಾರೆ. ಈಗ ಅವಳೇ ದಿನಕ್ಕೆರಡು ಸಲ ಊಟ ತರುತ್ತಾಳೆ. ನಾನು ಕನ್ನಡದಲ್ಲಿ ಹರಟುತ್ತೇನೆ, ಅವಳು ಅವಳದರಲ್ಲಿ. ಕೂತಲ್ಲೇ ದಿಂಬಿನ ಕವರುಗಳನ್ನು ಮಡಚಿಕೊಡುತ್ತೇನೆ. ಆಸ್ಪತ್ರೆಯ ಮಡಿಕೆ ಅವಳಿಗೆ ಒಪ್ಪಿಗೆಯಿಲ್ಲ, ಬಿಚ್ಚಿ ಮತ್ತೆ ಮಡಚುತ್ತಾಳೆ.

ಆದರೆ ಆ ಆರು ಗಂಟೆಗಳಲ್ಲಿ ಬಚ್ಚಲ ನೆಲದ ಮೇಲೆ ನನ್ನ ಕಣ್ಣಿಗೆ ಕಟ್ಟಿದ್ದು ಒಂದೇ. ಅದಕ್ಕಾಗಿಯೇ ಈ ಪತ್ರ. ಎರಡನೆಯ ದೇಶದ ಆ ದೊಡ್ಡ ಬಸ್ ನಿಲ್ದಾಣ ನೆನಪಿದೆಯಲ್ಲ? ನಲವತ್ತು ಪ್ಲಾಟ್‌ಫಾರ್ಮ್ ಇದ್ದದ್ದು. ಆ ಬೆಳಿಗ್ಗೆ ಡಾರ್ಮಿಟರಿಯ ಮಕ್ಕಳ ಮುಂದೆ ನೀವು "ಇವಳಿಗೆ ಎಡ ಬಲನೇ ಗೊತ್ತಾಗಲ್ಲ, ದಿಕ್ಕು ಎಲ್ಲಿಂದ ಗೊತ್ತಾಗ್ಬೇಕು" ಎಂದಿರಿ, ಅದನ್ನೇ ಅವರಿಗೆ ಇಂಗ್ಲಿಷಿನಲ್ಲಿಯೂ ಹೇಳಿದಿರಿ. ಅವರು ನಕ್ಕರು. ಮೂರು ವಾರಗಳಿಂದ ಹೆಜ್ಜೆಹೆಜ್ಜೆಗೂ ಭೂಗೋಳದ ಪಾಠ ಕೇಳಿ ನನಗೆ ಸಾಕಾಗಿತ್ತು. ನಿಲ್ದಾಣದಲ್ಲಿ "ಇಲ್ಲೇ ನಿಂತಿರು, ಕೇಳ್ಕೊಂಡ್ ಬರ್ತೀನಿ" ಎಂದು ಚೀಟಿ ಹಿಡಿದು ಹೊರಟಿರಿ. ನಾನು ನಿಲ್ಲಲಿಲ್ಲ. ಮೇಲಿನ ಮಹಡಿಯ ಟೀ ಅಂಗಡಿಗೆ ಹೋದೆ, ಅಲ್ಲಿ ಕೆಳಗೆ ಕಾಣುವ ಹಾಗೆ ಉದ್ದಕ್ಕೆ ಗಾಜು ಇತ್ತು. ನೀವು ದಾರಿ ತಪ್ಪಿದ್ದನ್ನು ನಾನು ನೋಡಿದೆ. ಹದಿನೇಳನೆಯ ಪ್ಲಾಟ್‌ಫಾರ್ಮಿಗೂ ಹದಿನೆಂಟಕ್ಕೂ ನಡುವೆ ತಿರುಗಿದಿರಿ. ಕಾವಲುಗಾರನಿಗೆ ಚೀಟಿ ತೋರಿಸಿದಿರಿ, ಅವನು ಕೈ ಮಾಡಿದ ಕಡೆ ಹೋಗಿ ಅಲ್ಲಿಗೇ ವಾಪಸ್ ಬಂದಿರಿ. ನಾನು ನಿಂತಿದ್ದ ಜಾಗಕ್ಕೆ ಬಂದು ಖಾಲಿ ನೆಲವನ್ನು ನೋಡಿದಿರಿ. ಕನ್ನಡಕ ತೆಗೆದು ಒರೆಸಿಕೊಂಡಿರಿ. ಆಮೇಲೆ ನನ್ನ ಹೆಸರು ಕೂಗಿದಿರಿ. ಗಾಜಿನ ಈಚೆಗೆ ಕೇಳಿಸಲಿಲ್ಲ, ತುಟಿಯಲ್ಲಿ ಕಂಡಿತು. ಮೂವತ್ತನಾಲ್ಕು ವರ್ಷಗಳಲ್ಲಿ ನೀವು ನನ್ನನ್ನು ಜನರ ನಡುವೆ ಹೆಸರು ಹಿಡಿದು ಕೂಗಿದ್ದು ಅದೊಂದೇ ಸಲ. ನಾನು ಇಳಿದು ಬರಲಿಲ್ಲ. ಸ್ವಲ್ಪ ಅನುಭವಿಸಲಿ ಎಂದುಕೊಂಡು ಟೀ ಪೂರ್ತಿ ಕುಡಿದೆ. ಇಪ್ಪತ್ತು ನಿಮಿಷ. ಗೋಡೆಯ ಗಡಿಯಾರ ನೋಡಿಕೊಂಡೇ ಕುಡಿದೆ.

ಕೆಳಗೆ ಬಂದಾಗ ನೀವು ನಿಮ್ಮ ಬ್ಯಾಗಿನ ಮೇಲೆ ಕೂತಿದ್ದಿರಿ. "ಎಲ್ಲಿ ಹೋಗಿದ್ರಿ, ಹುಡುಕಿ ಹುಡುಕಿ ಸಾಕಾಯ್ತು" ಎಂದು ನಾನೇ ದಬಾಯಿಸಿದೆ. ನೀವು ಎದ್ದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಿರಿ. ಮೂರು ದಿನವಾದ ಮೇಲೆ ಮಂಡಿ ನೋವು, ನಾನು ವಾಪಸ್ ಹೋಗುತ್ತೇನೆ ಎಂದಿರಿ. ಮೂಳೆ ವಾರ್ಡಿನವಳಿಗೆ ಮಂಡಿ ನೋವಿನ ಕತೆ ಹೇಳುವುದಾ ಮೇಷ್ಟ್ರೇ? ನಿಮ್ಮ ನಡಿಗೆ ನೋಡಿದರೆ ಗೊತ್ತಾಗುತ್ತಿತ್ತು, ಮಂಡಿಗೆ ಏನೂ ಆಗಿರಲಿಲ್ಲ. ಇಡೀ ಊರಿನ ಮಕ್ಕಳಿಗೆ ನಕ್ಷೆ ಓದುವುದನ್ನು ಕಲಿಸಿದವರು ನೀವು; ಒಂದು ನಿಲ್ದಾಣದಲ್ಲಿ ದಿಕ್ಕು ತಪ್ಪಿತು ಎಂದು ನಿಮಗೆ ಹೇಳಿಕೊಳ್ಳಲಾಗಲಿಲ್ಲ. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ "ಹಾಗಾದರೆ ಹೊರಡಿ, ನಾನು ಒಬ್ಬಳೇ ಹೋಗುತ್ತೇನೆ" ಎಂದೆ. ಹಠಕ್ಕೆ ನಾಲ್ಕು ದೇಶ ದಾಟಿದೆ. ನೀವು ಹೆದರಿದ್ದಿರಿ, ನಾನು ಮೇಲಿನಿಂದ ನೋಡಿದೆ. ಆವತ್ತು ಬಚ್ಚಲಲ್ಲಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಯಾರಾದರೂ ನೋಡುತ್ತಾ ಟೀ ಕುಡಿಯುತ್ತಿದ್ದರು ಎಂದು ಆಮೇಲೆ ಗೊತ್ತಾಗಿದ್ದರೆ ಅವರನ್ನು ಕ್ಷಮಿಸುತ್ತಿದ್ದೆನೇ ಎಂದು ಕೇಳಿಕೊಂಡೆ. ಗೊತ್ತಿಲ್ಲ ರೀ. ಆದ್ದರಿಂದ ನೀವು ಕ್ಷಮಿಸಿ ಎಂದು ಬರೆಯುತ್ತಿಲ್ಲ. ನಡೆದದ್ದನ್ನು ಬರೆದಿದ್ದೇನೆ.

ಮೊಮ್ಮಗಳ ಎರಡೂ ಕೆನ್ನೆಗೆ ಮುತ್ತು. ಅಳಿಯನಿಗೆ ಸೊಂಟನೋವಿನ ಬೆಲ್ಟ್ ಹಾಕಿಕೊಳ್ಳದೆ ಗಾಡಿ ಓಡಿಸಬೇಡ ಎಂದು ಹೇಳಿ. ಮಗಳಿಗೆ ಕಾಲು ಮುರಿದದ್ದನ್ನು ನೀವೇ ಮೆಲ್ಲಗೆ ಹೇಳಿ, ನನ್ನ ಪಾಲಿನ ಬೈಗುಳವನ್ನೂ ನೀವೇ ತಿನ್ನಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ,
ದಿಕ್ಕು ಗೊತ್ತಿಲ್ಲದವಳು

ತಾ.ಕ.: ಟೈಲರು ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮಗಳು ನನಗೆ ಟಿಕೆಟ್ ತೆಗೆಯುತ್ತೇನೆ ಎಂದಳು, ಬೇಡ ಎಂದೆ. ಅದರ ಬದಲು ನೀವು ಬನ್ನಿ. ಊರೂರು ಸುತ್ತುವುದು ಬೇಡ, ಯಾವ ದಾರಿಯನ್ನೂ ಹುಡುಕುವುದು ಬೇಡ. ಪ್ಲಾಸ್ಟರ್ ಬಿಚ್ಚುವವರೆಗೆ ಈ ಕೋಣೆಯಲ್ಲಿ ಸುಮ್ಮನೆ ಕೂತಿರೋಣ, ಆಮೇಲಿನದು ಆಮೇಲೆ. ನೀವು ಬರಬಹುದು ಎಂದು ಇಸ್ತ್ರಿಯಮ್ಮನಿಗೆ ಕೈಸನ್ನೆಯಲ್ಲಿ ಹೇಳಿದೆ, ಏನು ಅರ್ಥವಾಯಿತೋ, ಇನ್ನೊಂದು ದಿಂಬು ತಂದಿಟ್ಟು ಹೋದಳು. ನಾನು ಬರೆದದ್ದನ್ನು ಓದಿ ಬರಲು ಮನಸ್ಸಾಗದಿದ್ದರೆ ಅದನ್ನೂ ಬರೆಯಿರಿ. ಮಗಳ ಕೈಲಿ ಹೇಳಿಸಬೇಡಿ. ನಿಮ್ಮ ಅಕ್ಷರದಲ್ಲೇ ಬರಲಿ.