ಮಾವನ ಎದುರಿನ ಖಾಲಿ ಕುರ್ಚಿ

ನವೆಂಬರ್ 16, ಭಾನುವಾರ

ಮಾವನ ಬಾಡಿದ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಇರಲಿ, ನೋಡಲು ಚೆನ್ನಾಗಿದೆ.

ಇವತ್ತು ಸಿಂಗಸಂದ್ರದ ಲೈಬ್ರರಿಯಲ್ಲಿ 'ಜೀವಂತ ಪುಸ್ತಕ' ಕಾರ್ಯಕ್ರಮ. ಊರಿನ ಹಿರಿಯರೇ ಪುಸ್ತಕಗಳು. ಬಂದವರು ಬೇಕಾದವರ ಎದುರು ಕೂತು ಅವರ ಕತೆ ಕೇಳಬೇಕು. ಮಾವ ಇಸ್ತ್ರಿ ಪಂಚೆ ಉಟ್ಟು, 'ವೆಂಕಟಪ್ಪ: ನಮ್ಮ ರಾಗಿ ಹೊಲ' ಎಂಬ ಚೀಟಿಯನ್ನು ಎದೆಗೆ ಸಿಕ್ಕಿಸಿಕೊಂಡು ಕೂತಿದ್ದರು. ಯಾರನ್ನು ಯಾರ ಹತ್ತಿರ ಕಳಿಸಬೇಕು ಅನ್ನುವುದು ನನ್ನ ಕೆಲಸ.

ಮಾವನ ಕತೆ ಬೇಕು ಅಂದವರಿಗೆಲ್ಲ, "ಅವ್ರ ಹತ್ರ ಬೇರೆಯವ್ರು ಬರ್ತಿದ್ದಾರೆ ಮೇಡಂ, ಆ ಕಡೆ ಹೋಗಿ" ಅಂದೆ. ಪಕ್ಕದಲ್ಲಿ ಹೂ ಮಾರುವ ಮಾರಕ್ಕನ ಮುಂದೆ ಜನ ಕಾಯುತ್ತಾ ನಿಂತಿದ್ದರು. ಮಾವನ ಎದುರಿನ ಕುರ್ಚಿ ಕೊನೆಯವರೆಗೂ ಖಾಲಿ.

ಮನೆಯಲ್ಲಿ ಊಟಕ್ಕೆ ಕೂತರೆ ಆ ಹೊಲದ ಕತೆಯೊಂದೇ. ಬೇರೆಯವರು ಬಾಯಿ ತೆರೆಯುವ ಹಾಗಿಲ್ಲ. ನನ್ನ ಅಪ್ಪ ತೀರಿಕೊಂಡ ವಾರ ಅಪ್ಪನ ಬಗ್ಗೆ ಒಂದೇ ಒಂದು ಮಾತು ತೆಗೆದಿದ್ದೆ. ಮಾವ ಕೈ ಎತ್ತಿ, "ತಡಿಯಮ್ಮ" ಎಂದು ತಮ್ಮ ಹೊಲದ ಕತೆಗೇ ಹೋದರು.

ಇವತ್ತು ಅನ್ನ ಕಲಸುತ್ತಾ ಕೇಳಿದರು. "ನನ್ ಕತೆ ಒಬ್ರಿಗೂ ಬೇಡ್ವೇನಮ್ಮ?"

ಮದುವೆಯಾದ ಮೇಲೆ ಅವರು ನನ್ನ ಉತ್ತರಕ್ಕೆ ಕಾದದ್ದು ಇದೇ ಮೊದಲು.

"ಯಾರೂ ಕೇಳ್ಲಿಲ್ಲ ಮಾವ" ಎಂದು ಸಾರು ಬಡಿಸಿದೆ.

ಅವರು ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅತ್ತೆ ತಮ್ಮ ತವರಿನ ಬಾವಿಯ ಬಗ್ಗೆ ಏನೋ ಹೇಳತೊಡಗಿದರು. ಎಷ್ಟು ಚೆನ್ನಾಗಿ ಹೇಳುತ್ತಾರೆ! ಮುಂದಿನ ಸಲ ಅವರನ್ನೇ ಪುಸ್ತಕ ಮಾಡಬೇಕು. ಎದುರಿನ ಕುರ್ಚಿಗೆ ಮಾವನನ್ನು ಕೂರಿಸಿ, ಬಾಯಿ ತೆರೆದರೆ ನಾನು ಕೈ ಎತ್ತಿ, "ತಡೀರಿ ಮಾವ" ಅನ್ನಬೇಕು.