ಅಂಬಾಸಿಡರ್ ಕಂಬದ ನಾಲ್ಕು ಸ್ಕ್ರೂ

ಪ್ರೀತಿಯ ಖಾದರ್ ಬಾಷಾ ಮಾಮ,

ಅಜ್ಜಿಯ ಕೈ ಮುರಿದದ್ದು ನಿಮ್ಮ ಕೆಲಸದಿಂದ ಎಂದು ನಾನು ಅಪ್ಪನಿಗೆ ಹೇಳಿದ್ದು ಸುಳ್ಳು. ಆ ಸೀಟ್ ಬೆಲ್ಟನ್ನು ನೀವು ಹಾಕಿರಲೇ ಇಲ್ಲ. ಈಗಲೇ ಬೇಡ ಎಂದವರು ನೀವು, ಹಟ ಮಾಡಿ ಬೇರೆ ಕಡೆ ಹಾಕಿಸಿದವಳು ನಾನು. ಇಷ್ಟನ್ನು ಬರೆಯಲು ನನಗೆ ಏಳು ವಾರ ಬೇಕಾಯಿತು.

ಅಜ್ಜಿಯನ್ನು ಕೂರಿಸಿಕೊಂಡು ತಾತನ ಅಂಬಾಸಿಡರನ್ನು ಯಶವಂತಪುರದ ನಿಮ್ಮ ಗ್ಯಾರೇಜಿಗೆ ತಂದ ದಿನ ನಾನು ಎಷ್ಟು ಬೀಗುತ್ತಿದ್ದೆ ಎಂಬುದು ನಿಮಗೆ ನೆನಪಿರಬಹುದು. ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತು ರಸ್ತೆ ಸುರಕ್ಷತೆಯ ಕರಪತ್ರ ಹಂಚುವವಳ ಮನೆಯ ಕಾರಿನಲ್ಲೇ ಬೆಲ್ಟ್ ಇಲ್ಲ. ‘ಹಳೇ ಗಾಡಿ, ಯಾರೂ ಹಿಡಿಯಲ್ಲ ಬಿಡು’ ಎಂದಿದ್ದರು ಅಪ್ಪ. ಪೊಲೀಸರು ಹಿಡಿಯುತ್ತಾರೆಂದು ಮಾತ್ರ ಜೀವ ಉಳಿಸಿಕೊಳ್ಳಬೇಕೇ ಎಂದು ನಾನು ಎರಡು ದಿನ ಊಟ ಬಿಟ್ಟಿದ್ದೆ.

ನೀವು ಮೊದಲು ಕೇಳಿದ್ದು ಕಾರಿನ ಬಗ್ಗೆ ಅಲ್ಲ, ಅದರಲ್ಲಿ ಯಾರು ಯಾರು ಕೂರುತ್ತಾರೆ ಎಂದು. ಅಜ್ಜಿಯನ್ನು ಮುಂದಿನ ಉದ್ದ ಸೀಟಿನಲ್ಲಿ ಕೂರಿಸಿ, ಅವರ ಭುಜದ ಎತ್ತರ ನೋಡಿ, ಬಾಗಿಲುಗಳ ನಡುವಿನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಿರಿ. ಬೆಲ್ಟು ಕುತ್ತಿಗೆಗೆ ತಾಗಬಾರದು, ಹೊಟ್ಟೆಯ ಮೇಲೆ ಏರಬಾರದು, ಸೊಂಟದ ಮೂಳೆಯ ಮೇಲೆ ಕೂರಬೇಕು ಎಂದು ಬಟ್ಟೆಯ ಟೇಪು ಹಿಡಿದು ಅಳೆದಿರಿ. ನಾನು ನಕ್ಕೆ. ‘ಬ್ಲೌಸ್ ಹೊಲಿಸೋಕೆ ಬಂದಿದೀವಾ ಮಾಮ?’ ಎಂದೆ. ‘ಬ್ಲೌಸ್ ಬಿಗಿ ಆದ್ರೆ ಬಿಚ್ಚಿ ಹೊಲಿಬೋದು ಕಣಮ್ಮ’ ಎಂದಿರಿ.

ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಕಂಬವನ್ನು ಕುಟ್ಟಿದಿರಿ. ‘ಕೇಳಿಸ್ತಾ? ಒಳಗೆಲ್ಲ ತುಕ್ಕು. ಇದನ್ನ ಕತ್ತರಿಸಿ, ಒಳಗೊಂದು ದಪ್ಪ ಪ್ಲೇಟ್ ಕೊಟ್ಟು ವೆಲ್ಡಿಂಗ್ ಮಾಡ್ಬೇಕು. ಹದಿನೈದು ದಿನ ಕೊಡು. ಅಲ್ಲಿವರ್ಗೂ ಸೊಂಟಕ್ಕೆ ಮಾತ್ರ ಹಾಕೋ ಸಾದಾ ಬೆಲ್ಟ್ ಕೊಡ್ತೀನಿ, ಅದನ್ನ ಕಾರಿನ ನೆಲಕ್ಕೆ ಬಿಗೀಬೋದು, ನೆಲ ಗಟ್ಟಿ ಇದೆ.’

ಸೊಂಟದ ಬೆಲ್ಟು ಅರ್ಧ ಸುರಕ್ಷತೆ ಎಂದು ನಾನು ಓದಿದ್ದೆ. ಅರ್ಧ ಸುರಕ್ಷತೆ ಎಂದರೆ ಮೋಸ ಎಂದು ನಿಮ್ಮ ಮುಖಕ್ಕೇ ಹೇಳಿದೆ. ಹದಿನೈದು ದಿನದಲ್ಲಿ ರಸ್ತೆಯಲ್ಲಿ ಎಷ್ಟು ಜನ ಸಾಯುತ್ತಾರೆ ಗೊತ್ತಾ ಎಂದೂ ಕೇಳಿದೆ. ನಾನು ಓದಿದ ಕರಪತ್ರಗಳೆಲ್ಲ ಹೊಸ ಕಾರುಗಳಿಗಾಗಿ ಬರೆದವು. ಅವುಗಳಲ್ಲಿ ತುಕ್ಕು ಎಂಬ ಪದವೇ ಇರಲಿಲ್ಲ.

ಮುಂದಿನ ಭಾನುವಾರ ಆರ್.ಟಿ. ನಗರದಲ್ಲಿ ಅತ್ತೆಯ ಮಗಳ ನಿಶ್ಚಿತಾರ್ಥವಿತ್ತು. ನಮ್ಮ ಕಾರಿನಲ್ಲಿ ಎಲ್ಲರೂ ಬೆಲ್ಟ್ ಹಾಕಿಕೊಂಡೇ ಬರುತ್ತೇವೆ ಎಂದು ಊರಿಗೆಲ್ಲ ಸಾರಿದ್ದೆ. ಅದಕ್ಕೇ ಶನಿವಾರ, ಅಪ್ಪ ಕೆಲಸಕ್ಕೆ ಹೋಗಿದ್ದಾಗ, ಕಾರನ್ನು ಸೀಟ್ ಕವರ್ ಹೊಲಿಯುವ ಒಂದು ಅಂಗಡಿಗೆ ಓಡಿಸಿಕೊಂಡು ಹೋದೆ. ತಾನೇ ಸುತ್ತಿಕೊಳ್ಳುವ ರೀಲಿನ ಬೆಲ್ಟನ್ನು ಆರಿಸಿದೆ. ಕಂಬದೊಳಗೆ ನಟ್ ಕೂರಿಸಲು ಅಂಗಡಿಯವರ ಕೈ ಹೋಗಲಿಲ್ಲ. ಅವರು ನಿಮ್ಮ ಸೀಮೆಸುಣ್ಣದ ಗುರುತಿನ ಮೇಲೆಯೇ ಒಂದು ಕಬ್ಬಿಣದ ಪಟ್ಟಿ ಇಟ್ಟು ನಾಲ್ಕು ಸ್ಕ್ರೂ ಹೊಡೆದರು. ಒಂದು ಗಂಟೆಯ ಕೆಲಸ. ಸಂಜೆ ಅದನ್ನು ಕಂಡ ಅಪ್ಪ ಬಾಷಾ ಮುಗಿಸಿಕೊಟ್ಟನಾ ಎಂದು ಕೇಳಿದಾಗ ನಾನು ತಲೆಯಾಡಿಸಿದೆ.

ಮರುದಿನ ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಮುಂದಿನ ಬಸ್ಸು ತಟ್ಟನೆ ನಿಂತಿತು. ಅಪ್ಪ ಬ್ರೇಕ್ ಒತ್ತಿದರು. ಕಾರು ಯಾವುದಕ್ಕೂ ತಾಗಲಿಲ್ಲ. ಆದರೆ ಬೆಲ್ಟನ್ನು ನಂಬಿ ಕೈ ಬಿಟ್ಟು ಕೂತಿದ್ದ ಅಜ್ಜಿ ಮುಂದಕ್ಕೆ ಹೋದರು. ನಾಲ್ಕು ಸ್ಕ್ರೂಗಳ ಜೊತೆ ಕಂಬದ ಬೆಳ್ಳುಳ್ಳಿ ಸಿಪ್ಪೆಯಂಥ ತಗಡು ಕಿತ್ತು ಬಂದಿತ್ತು. ಡ್ಯಾಶ್‌ಬೋರ್ಡಿಗೆ ಬಡಿದು ಅವರ ಬಲಗೈ ಮಣಿಕಟ್ಟು ಮುರಿಯಿತು.

ಬೆಲ್ಟ್ ಹಾಕಿದ್ದು ಬಾಷಾ ತಾನೇ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ಮತ್ತೆ ಕೇಳಿದರು. ಬಾಷಾ ಮಾಮ ಗುರುತು ಹಾಕಿದ ಜಾಗದಲ್ಲೇ ಹಾಕಿದ್ದು ಎಂದೆ. ಅದರ ಒಂದೊಂದು ಪದವೂ ನಿಜ. ನನ್ನ ಜೀವನದ ಅತಿ ದೊಡ್ಡ ಸುಳ್ಳು ಅದು.

ಅಪ್ಪ ನಿಮ್ಮ ಗ್ಯಾರೇಜಿನಲ್ಲಿ ಕೂಗಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಮೂವತ್ತು ವರ್ಷ ನಿಮ್ಮನ್ನು ‘ಲೋ ಬಾಷಾ’ ಎಂದವರು ಅಂದು ‘ಏನ್ರೀ, ನಂಬಿದ್ದಕ್ಕೆ ಇದಾ?’ ಎಂದರು. ಹಳೇ ಫಿಯೆಟ್ಟಿನ ಭೀಮರಾಜ್ ಅಲ್ಲಿದ್ದರು, ಇನ್ನಿಬ್ಬರು ಗಿರಾಕಿಗಳೂ ಇದ್ದರು. ನೀವು ಒಮ್ಮೆ ನನ್ನ ಮುಖ ನೋಡಿದಿರಿ. ನಾನು ನೆಲ ನೋಡಿದೆ. ‘ಅಮ್ಮನ ಕೈ ಹೆಂಗಿದೆ ರಘಣ್ಣ?’ ಎಂದು ಮಾತ್ರ ಕೇಳಿದಿರಿ. ಅದೇ ವಾರ ಭೀಮರಾಜ್ ತಮ್ಮ ಕಾರನ್ನು ನಿಮ್ಮಲ್ಲಿಂದ ತೆಗೆದುಕೊಂಡು ಹೋದರೆಂದು, ಉಳಿದವರೂ ಬರುವುದು ಬಿಟ್ಟರೆಂದು ಆಮೇಲೆ ತಿಳಿಯಿತು.

ಕಳೆದ ಗುರುವಾರ ಅಜ್ಜಿಯ ಕೈ ಕಟ್ಟು ಬಿಚ್ಚಿದರು. ಅವರಿಗೆ ಅನ್ನ ಕಲಸಿ ಕೊಡುತ್ತಿದ್ದಾಗ ಮೆಲ್ಲಗೆ ಹೇಳಿದರು: ‘ಬಾಷಾ ಅದಿನೈದು ದಿನ ಅಂದಾಗ ನಾನೂ ಅಲ್ಲೇ ಕುಂತಿದ್ನಲ್ಲ ಕೂಸೇ. ನೀನೇ ಏಳ್ತೀಯ ಅಂತ ಕಾಯ್ತಾ ಇದೀನಿ.’ ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿನ್ನೆ ಅಪ್ಪನಿಗೆ ಹೇಳಿದೆ. ಅವರು ಟಿವಿ ಆರಿಸಿದರು. ‘ನಾನು ಅವನಿಗೆ ರೀ ಅಂದ್ಬಿಟ್ನಲ್ಲೇ’ ಎಂದರು.

ಮಾಮ, ಕರಪತ್ರ ಹಂಚುವುದನ್ನು ನಿಲ್ಲಿಸಿದ್ದೇನೆ. ತಪ್ಪನ್ನು ತನ್ನ ಮನೆಯಲ್ಲಿ ಒಪ್ಪದವಳಿಗೆ ರಸ್ತೆಯಲ್ಲಿ ಬುದ್ಧಿ ಹೇಳುವ ಹಕ್ಕಿಲ್ಲ. ನೀವು ಕ್ಷಮಿಸಲೇಬೇಕೆಂದು ಕೇಳುವ ಹಕ್ಕೂ ಇಲ್ಲ. ಆದರೆ ನಿಮ್ಮ ಹೆಸರನ್ನು ನಾಲ್ಕು ಜನರ ಮುಂದೆ ಕೆಡಿಸಿದವಳು ಅದನ್ನು ಆ ನಾಲ್ಕು ಜನರ ಮುಂದೆಯೇ ಸರಿಪಡಿಸಬೇಕು. ಭೀಮರಾಜ್ ಅವರಿಗೂ ಆ ಇಬ್ಬರಿಗೂ ಫೋನ್ ಮಾಡಿದ್ದೇನೆ, ಬರಲು ಒಪ್ಪಿದ್ದಾರೆ. ಅಪ್ಪ, ಅಜ್ಜಿ, ನಾನು ಬಸ್ಸಿನಲ್ಲಿ ಬರುತ್ತೇವೆ. ಕಾರು ತರುವುದಿಲ್ಲ. ಕೆಲಸ ಮಾಡಿಸಿಕೊಳ್ಳಲು ಬಂದೆವೆಂದು ನಿಮಗೆ ಒಂದು ಕ್ಷಣವೂ ಅನ್ನಿಸಬಾರದು. ನೀವು ಷಟರ್ ತೆಗೆಯದಿದ್ದರೆ ರಸ್ತೆಯಲ್ಲೇ ನಿಂತು ಹೇಳುತ್ತೇನೆ.

ನಿಮ್ಮ ಕೈಗಳ ಆಯಸ್ಸು ಗಟ್ಟಿಯಾಗಿರಲಿ. ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ನಿಮ್ಮ ಗ್ಯಾರೇಜಿನ ಮುಂದೆ.

ತಲೆ ತಗ್ಗಿಸಿ,
ಸಂಯುಕ್ತಾ
ಪುಟ್ಟೇನಹಳ್ಳಿ, ಯಲಹಂಕ